ಹಳಿ ತಪ್ಪಿದ ಗೂಡ್ಸ್ ರೈಲು: ಎತ್ತೋದು ಒಂದು ಕೆಲಸ, ಕ್ಲೀನ್ ಮಾಡೋದು ಇನ್ನೊಂದು

ಗೂಡ್ಸ್ ರೈಲು ಹಳಿ ತಪ್ಪಿದ ಸುದ್ದಿ ಪೇಪರಿನಲ್ಲಿ ಹೆಚ್ಚು ದಿನ ಇರಲ್ಲ. ಮೊದಲ ದಿನ ಇಷ್ಟು ವ್ಯಾಗನ್ ಉರುಳಿದವು, ಇಷ್ಟು ರೈಲು ರದ್ದಾದವು ಅಂತ ಬರತ್ತೆ. ಎರಡು ಮೂರು ದಿನ ಬಿಟ್ಟು ಸಂಚಾರ ಮತ್ತೆ ಶುರು ಅಂತ ಇನ್ನೊಂದು ಸಣ್ಣ ಸುದ್ದಿ. ಅಲ್ಲಿಗೆ ಎಲ್ಲರೂ ಮರೆತುಬಿಡ್ತೀವಿ. ಆದರೆ ಆ ವ್ಯಾಗನ್‌ಗಳಲ್ಲಿ ಇದ್ದ ಸರಕು ಎಲ್ಲಿ ಹೋಯ್ತು? ಕಾಡಿನಲ್ಲೋ ಕಣಿವೆಯಲ್ಲೋ ಚೆಲ್ಲಿದ್ದನ್ನು ಯಾರು, ಹೇಗೆ ತೆಗೀತಾರೆ? ಪಕ್ಕದಲ್ಲಿ ಹೊಳೆ ಇದ್ದರೆ ಏನಾಗತ್ತೆ?

ಈ ಲೇಖನದಲ್ಲಿ ನಾವು ಈ ಪ್ರಶ್ನೆಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ. ಮೆಕ್ಯಾನಿಕಲ್, ಸಿವಿಲ್, ಕೆಮಿಕಲ್, ಎಲ್ಲಾ ಬ್ರಾಂಚಿನವರ ಪಾಠವೂ ಇದರಲ್ಲಿ ಸ್ವಲ್ಪ ಸ್ವಲ್ಪ ಬರತ್ತೆ. ಕೊನೆಯಲ್ಲಿ ನಮ್ಮ ನಂಜನಗೂಡು ಮತ್ತು ತಿ. ನರಸೀಪುರದ ಮಧ್ಯೆ ಹರಿಯೋ ಕಪಿಲೆಗೆ ಒಂದು ಲೆಕ್ಕ ಹಾಕಿ ನೋಡೋಣ.

1. ಒಂದು ಉದಾಹರಣೆ: ದೂಧ್‌ಸಾಗರ್ ಘಾಟ್

2024ರ ಆಗಸ್ಟ್ 9ರ ಬೆಳಿಗ್ಗೆ ಗೋವಾದ ಸೋನಾಲಿಂ ಮತ್ತು ದೂಧ್‌ಸಾಗರ್ ಸ್ಟೇಷನ್‌ಗಳ ಮಧ್ಯೆ ಸರಕು ತುಂಬಿದ್ದ ಗೂಡ್ಸ್ ರೈಲಿನ 17 ವ್ಯಾಗನ್‌ಗಳು ಹಳಿ ತಪ್ಪಿದವು. ಜಾಗ ಗೋವಾದ್ದಾದರೂ ಲೈನು ನೈರುತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದ್ದು. ಉತ್ತರ ಕನ್ನಡ ಜಿಲ್ಲೆಯ ಕ್ಯಾಸಲ್‌ರಾಕ್‌ನಿಂದ ಕೆಳಗೆ ಕುಳೆಂವರೆಗೆ ಇಳಿಯೋ ಘಾಟಿ ಇದು. ಹಲವು ಪ್ರಯಾಣಿಕರ ರೈಲುಗಳು ರದ್ದಾದವು, ಕೆಲವು ಬೇರೆ ದಾರಿ ಹಿಡಿದವು.

ಈ ಘಾಟಿಯ ಏರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ ಹತ್ತಬೇಕು. ನಮ್ಮ ಮೈಸೂರು ವಿಭಾಗಕ್ಕೆ ಸೇರಿದ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು 50ಕ್ಕೆ 1. ಅದಕ್ಕಿಂತಲೂ ಇದು ಕಡಿದು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಣಿವೆ, ಮಧ್ಯೆ ಸುರಂಗಗಳು, ಸುತ್ತ ಭಗವಾನ್ ಮಹಾವೀರ ಅಭಯಾರಣ್ಯದ ಕಾಡು. ಲಾರಿ ಹೋಗೋ ರಸ್ತೆ ಹಳಿಯ ಪಕ್ಕ ಇಲ್ಲ. ಮಳೆಗಾಲದಲ್ಲಿ ಇಲ್ಲಿಯ ತೊರೆಗಳ ನೀರೆಲ್ಲ ಕೊನೆಗೆ ಸೇರೋದು ಮಾಂಡೋವಿಗೆ, ಅಂದರೆ ನಮ್ಮ ಮಹದಾಯಿಗೆ.

ಈಗ ಒಂದು ಸಣ್ಣ ಲೆಕ್ಕ. ಈ ದಾರಿಯಲ್ಲಿ ಬಂದರಿನಿಂದ ಮೇಲಕ್ಕೆ ಬರೋ ಮುಖ್ಯ ಸರಕು ಕಲ್ಲಿದ್ದಲು. ಅದಕ್ಕೆ ಬಳಸೋ ಬಾಕ್ಸ್‌ಎನ್ ಮಾದರಿಯ ವ್ಯಾಗನ್ ಖಾಲಿ ಇದ್ದಾಗ ಸುಮಾರು 22.5 ಟನ್, ತುಂಬಿದಾಗ 81 ಟನ್ ಚಿಲ್ಲರೆ. ಅಂದರೆ ಒಂದರಲ್ಲಿ ಹತ್ತಿರ ಹತ್ತಿರ 58 ಟನ್ ಸರಕು. ಇಂಥ 17 ವ್ಯಾಗನ್ ಮಗುಚಿದರೆ 986 ಟನ್. ಊರಿನ ಪಕ್ಕ ಆಗಿದ್ದರೆ 10 ಟನ್ನಿನ ಟಿಪ್ಪರ್‌ಗಳು ನೂರು ಟ್ರಿಪ್ ಹೊಡೆದು ಮುಗಿಸ್ತಿದ್ದವು. ಘಾಟಿಯಲ್ಲಿ ಟಿಪ್ಪರ್ ಬರೋದೇ ಇಲ್ಲ. ಜೆಸಿಬಿ ಬರಬೇಕಾದರೂ ರೈಲಿನ ಮೇಲೇ ಬರಬೇಕು. ಆ ರೈಲು ಬರೋ ದಾರಿಯಲ್ಲೇ ಅಪಘಾತದ ವ್ಯಾಗನ್‌ಗಳು ಬಿದ್ದಿವೆ. ದೂರದ ಜಾಗದ ಕ್ಲೀನಿಂಗಿನ ಮೂಲ ಕಷ್ಟ ಇದೇ.

2. ಮೊದಲ ಗಂಟೆ

ಹಳಿ ತಪ್ಪಿದ ಕೂಡಲೇ ಮೊದಲ ಕೆಲಸ ಇನ್ನೊಂದು ರೈಲು ಬಂದು ಇದಕ್ಕೆ ಗುದ್ದದ ಹಾಗೆ ನೋಡಿಕೊಳ್ಳೋದು. ಲೋಕೋ ಪೈಲಟ್ ಫ್ಲಾಷರ್ ಲೈಟ್ ಹಾಕ್ತಾರೆ. ಸಿಬ್ಬಂದಿ ಕೆಂಪು ಸಿಗ್ನಲ್ ಹಿಡಿದು ಹಳಿಯ ಮೇಲೆ ನಡೆದು ಹೋಗಿ ಡಿಟೋನೇಟರ್ ಇಡ್ತಾರೆ. ಚಕ್ರ ಹತ್ತಿದ ಕೂಡಲೇ ಪಟಾಕಿ ಥರ ಸಿಡಿಯೋ ವಸ್ತು ಅದು. ಬ್ರಾಡ್‌ಗೇಜ್‌ನಲ್ಲಿ 600 ಮೀಟರ್ ದೂರಕ್ಕೆ ಒಂದು, 1200 ಮೀಟರ್ ದೂರಕ್ಕೆ ಮೂರು. ಭರ್ತಿ ರೈಲಿಗೆ ನಿಲ್ಲೋಕೆ ಅಷ್ಟು ದೂರ ಬೇಕು.

ಕಂಟ್ರೋಲ್ ರೂಮಿಗೆ ಸುದ್ದಿ ಹೋದ ಮೇಲೆ ಅಪಘಾತ ಪರಿಹಾರ ರೈಲು ಹೊರಡತ್ತೆ. ರೈಲ್ವೆಯವರು ಇದನ್ನು ಎಆರ್‌ಟಿ ಅಂತಾರೆ. ಇದರಲ್ಲಿ ಹೈಡ್ರಾಲಿಕ್ ಜಾಕ್‌ಗಳು, ಗ್ಯಾಸ್ ಕಟರ್, ಜನರೇಟರ್, ಲೈಟುಗಳು, ಮರದ ದಿಮ್ಮಿ, ಉಕ್ಕಿನ ಹಗ್ಗ, ಅಡುಗೆ ಸಾಮಾನು ಎಲ್ಲಾ ಯಾವಾಗಲೂ ರೆಡಿ ಇರತ್ತೆ. ವೈದ್ಯಕೀಯ ವ್ಯಾನ್ ಬೇರೆ. ದೊಡ್ಡ ಅಪಘಾತವಾದರೆ 140 ಟನ್ ಕ್ರೇನ್ ಕೂಡ ಹೊರಡತ್ತೆ.

ಇದೇ ಗಂಟೆಯಲ್ಲಿ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗಬೇಕು. ವ್ಯಾಗನ್ನಿನ ಒಳಗೆ ಏನಿದೆ? ಕಲ್ಲಿದ್ದಲೋ, ಗೊಬ್ಬರವೋ, ಡೀಸೆಲೋ, ಆಸಿಡ್ಡೋ? ಸರಕಿನ ಪಟ್ಟಿ ರೈಲಿನ ಸಿಬ್ಬಂದಿಯ ಹತ್ತಿರ ಇರತ್ತೆ. ಅಪಾಯಕಾರಿ ದ್ರವ, ಅನಿಲ ಸಾಗಿಸೋ ಟ್ಯಾಂಕ್‌ಗಳ ಮೇಲೆ ನಾಲ್ಕು ಅಂಕಿಯ ಯು.ಎನ್. ನಂಬರ್ ಬರೆದಿರತ್ತೆ. 1202 ಅಂದರೆ ಡೀಸೆಲ್, 1203 ಪೆಟ್ರೋಲ್, 1075 ಎಲ್‌ಪಿಜಿ, 1005 ಅಮೋನಿಯಾ, 1017 ಕ್ಲೋರಿನ್, 1830 ಸಲ್ಫ್ಯೂರಿಕ್ ಆಸಿಡ್. ಹೆದ್ದಾರಿಯ ಟ್ಯಾಂಕರ್ ಲಾರಿಗಳಲ್ಲೂ ಇದೇ ನಂಬರ್ ನೋಡಬಹುದು. ನೀರು ಹಾಯಿಸಬೇಕೋ, ಫೋಮ್ ಹಾಕಬೇಕೋ, ಜನರನ್ನು ಯಾವ ದಿಕ್ಕಿಗೆ ಕಳಿಸಬೇಕೋ, ಎಲ್ಲಾ ಈ ನಾಲ್ಕು ಅಂಕಿಯ ಮೇಲೆ ನಿಂತಿದೆ.

3. ಎತ್ತುವ ಕೆಲಸ

ಮೊದಲು ಹಳಿ ಬಿಡದೇ ನಿಂತಿರೋ ವ್ಯಾಗನ್‌ಗಳನ್ನು ಎರಡೂ ತುದಿಯಿಂದ ಎಳೆದುಕೊಂಡು ಹೋಗ್ತಾರೆ. ಚಕ್ರ ಮಾತ್ರ ಕೆಳಗಿಳಿದು ನೆಟ್ಟಗೆ ನಿಂತಿರೋದನ್ನು ಹೈಡ್ರಾಲಿಕ್ ಜಾಕ್‌ನಿಂದ ಎತ್ತಿ, ಪಕ್ಕಕ್ಕೆ ಸರಿಸಿ, ಹಳಿಯ ಮೇಲೆ ಕೂರಿಸ್ತಾರೆ. ಮಗುಚಿದ್ದಕ್ಕೆ ಕ್ರೇನ್ ಬೇಕು.

140 ಟನ್ ಕ್ರೇನ್ ಅಂದ ಮಾತ್ರಕ್ಕೆ ಎಲ್ಲಾ ಕಡೆ 140 ಟನ್ ಎತ್ತಲ್ಲ. ಇಲ್ಲಿ ನಮ್ಮ ಮೊದಲ ವರ್ಷದ ಮೆಕ್ಯಾನಿಕ್ಸ್ ಬರತ್ತೆ. ಭಾರ ಗುಣಿಸು ದೂರ ಅಂದರೆ ಮೊಮೆಂಟ್. ಬೂಮ್ ಹೊರಗೆ ಚಾಚಿದಷ್ಟೂ ಕ್ರೇನ್ ಮಗುಚೋ ಮೊಮೆಂಟ್ ಜಾಸ್ತಿ, ಎತ್ತೋ ತಾಕತ್ತು ಕಡಿಮೆ. ಬಯಲು ಸೀಮೆಯಲ್ಲಿ ಕ್ರೇನಿನ ಕಾಲುಗಳನ್ನು ಎರಡೂ ಪಕ್ಕಕ್ಕೆ ಚಾಚಿ ಗಟ್ಟಿಯಾಗಿ ಊರಬಹುದು. ಘಾಟಿಯ ಕಿರಿದಾದ ಏರಿಯಲ್ಲಿ ಒಂದು ಕಾಲಿಗೆ ಬೆಟ್ಟ ಅಡ್ಡ, ಇನ್ನೊಂದು ಕಾಲಿನ ಕೆಳಗೆ ಸಡಿಲ ಮಣ್ಣು. ಸುರಂಗದ ಒಳಗಾದರೆ ಬೂಮ್ ಎತ್ತೋಕೇ ಆಗಲ್ಲ. ಅದಕ್ಕೆ ಅಂಥ ಕಡೆ ವ್ಯಾಗನ್ನನ್ನು ಗ್ಯಾಸ್ ಕಟರ್‌ನಿಂದ ತುಂಡು ಮಾಡೋದು, ಇಂಜಿನ್ನಿಗೆ ಉಕ್ಕಿನ ಹಗ್ಗ ಕಟ್ಟಿ ಎಳೆಯೋದು, ಪಕ್ಕಕ್ಕೆ ಉರುಳಿಸಿ ದಾರಿ ಬಿಡಿಸೋದು ನಡೆಯತ್ತೆ. ಕಣಿವೆಗೆ ಬಿದ್ದಿದ್ದನ್ನು ಆಮೇಲೆ ನೋಡಿಕೊಳ್ತಾರೆ.

ದಾರಿ ಬಿಡಿಸಿದ ಮೇಲೆ ಮುರಿದ ಕಾಂಕ್ರೀಟ್ ಸ್ಲೀಪರ್, ಬಗ್ಗಿದ ಹಳಿ ತೆಗೆದು ಹೊಸದು ಹಾಕಿ, ಜಲ್ಲಿ ತುಂಬಿ, ಟ್ಯಾಂಪಿಂಗ್ ಮಾಡ್ತಾರೆ. ಮೊದಲ ರೈಲುಗಳು ಆಮೆ ವೇಗದಲ್ಲಿ ಹೋಗತ್ತೆ. 2024ರ ಜುಲೈ 26ರಂದು ಸಕಲೇಶಪುರ ಘಾಟಿಯ ಎಡಕುಮೇರಿ–ಕಡಗರವಳ್ಳಿ ಮಧ್ಯೆ ಹಳಿಯ ಕೆಳಗಿನ ಮಣ್ಣು ಕುಸಿದಾಗಲೂ ರಿಪೇರಿ ಆದ ಮೇಲೆ ಮೊದಲು ಬಿಟ್ಟಿದ್ದು ಗೂಡ್ಸ್ ರೈಲನ್ನು. ಪ್ರಯಾಣಿಕರ ರೈಲು ಬಿಟ್ಟಿದ್ದು ಅದಾದ ಮೇಲೆ.

ಇಲ್ಲಿಯವರೆಗಿನ ಕೆಲಸದಲ್ಲಿ ನಮ್ಮ ರೈಲ್ವೆಯವರಿಗೆ ತುಂಬಾ ಅನುಭವ ಇದೆ. ಮಳೆಯಲ್ಲಿ, ರಾತ್ರಿಯಲ್ಲಿ, ಜಿಗಣೆ ಕಚ್ಚಿಸಿಕೊಂಡು ಮಾಡೋ ಟ್ರ್ಯಾಕ್‌ಮ್ಯಾನ್‌ಗಳ ಶ್ರಮ ಅದು. ಆದರೆ ಸಂಚಾರ ಶುರು ಅಂತ ಸುದ್ದಿ ಬರೋ ಹೊತ್ತಿಗೆ ಮುಗಿದಿರೋದು ಮೊದಲರ್ಧ ಮಾತ್ರ.

4. ಚೆಲ್ಲಿದ್ದು ಏನು ಅನ್ನೋದರ ಮೇಲೆ ಕ್ಲೀನಿಂಗ್

ಕಲ್ಲಿದ್ದಲು: ಗುಡ್ಡೆ ಬಿದ್ದ ಕಡೆ ಗಾಳಿ ಆಡುತ್ತಾ ಒಳಗೊಳಗೇ ಬಿಸಿ ಆಗಿ ತಾನಾಗೇ ಹೊತ್ತಿಕೊಳ್ಳಬಹುದು. ಮಳೆ ಬಂದರೆ ಪುಡಿ ತೊರೆಗೆ ಇಳಿದು ತಳದ ಕಲ್ಲುಗಳ ಸಂದು ಮುಚ್ಚತ್ತೆ. ಮೀನು ಮೊಟ್ಟೆ ಇಡೋ ಜಾಗ ಅದು. ಕೈಯಲ್ಲಿ ತುಂಬಿಯಾದರೂ ಮಳೆಗೆ ಮುಂಚೆ ತೆಗೀಬೇಕು.

ಧಾನ್ಯ: ಇದರಿಂದ ಏನಪ್ಪ ತೊಂದರೆ ಅನ್ನಿಸತ್ತೆ. ಅಮೆರಿಕದ ಮೊಂಟಾನಾ ರಾಜ್ಯದ ಮರಿಯಾಸ್ ಪಾಸ್ ಅನ್ನೋ ಬೆಟ್ಟದ ದಾರಿಯಲ್ಲಿ 1980ರ ದಶಕದ ಕೊನೆಯಲ್ಲಿ ರೈಲುಗಳಿಂದ ಮೆಕ್ಕೆಜೋಳ ಚೆಲ್ಲಿತು. ಮಣ್ಣು ಮುಚ್ಚಿದರೂ ಒಳಗೇ ಹುಳಿ ಬಂದು ವಾಸನೆಗೆ ಕರಡಿಗಳು ಹಳಿಗೆ ಬರೋಕೆ ಶುರು ಮಾಡಿದವು. ಹಲವು ಕರಡಿಗಳು ರೈಲಿಗೆ ಸಿಕ್ಕಿ ಸತ್ತವು. ಆನೆ ಓಡಾಡೋ ನಮ್ಮ ಕಾಡುಗಳಲ್ಲಿ ಅಕ್ಕಿ, ಜೋಳ ಚೆಲ್ಲಿದರೆ ಏನಾಗಬಹುದು ಯೋಚಿಸಿ.

ಗೊಬ್ಬರ: ಯೂರಿಯಾ ನೀರಲ್ಲಿ ಕರಗತ್ತೆ. ಕೆರೆಗೆ ಸೇರಿದರೆ ಪಾಚಿ ಬೆಳೆದು, ಅದು ಕೊಳೆಯೋವಾಗ ನೀರಿನ ಆಮ್ಲಜನಕ ಕಡಿಮೆ ಆಗತ್ತೆ. ಒಣಗಿದ್ದಾಗಲೇ ಗುಡಿಸಿ ತುಂಬಬೇಕು. ನೀರು ಹಾಕಿ ತೊಳೆಯಬಾರದು.

ಡೀಸೆಲ್, ಪೆಟ್ರೋಲ್: ಮೊದಲು ಬೆಂಕಿಯ ಭಯ. 2025ರ ಜುಲೈ 13ರಂದು ತಮಿಳುನಾಡಿನ ತಿರುವಳ್ಳೂರಿನ ಹತ್ತಿರ ಡೀಸೆಲ್ ಗೂಡ್ಸ್ ರೈಲು ಹಳಿ ತಪ್ಪಿ ಹೊತ್ತಿ ಉರಿದಿದ್ದು ನಮಗೆಲ್ಲ ನೆನಪಿದೆ. ಬೆಂಕಿ ಆರಿದ ಮೇಲೂ ಮಣ್ಣಿಗೆ ಇಂಗಿದ್ದು ಉಳಿಯತ್ತೆ, ನಿಧಾನಕ್ಕೆ ಅಂತರ್ಜಲಕ್ಕೆ ಹೋಗತ್ತೆ. ಆ ಮಣ್ಣನ್ನು ಅಗೆದು ಸಾಗಿಸಬೇಕು, ಇಲ್ಲವೇ ಅಲ್ಲೇ ಬ್ಯಾಕ್ಟೀರಿಯಾ ಬಿಟ್ಟು ತಿನ್ನಿಸಬೇಕು. ನಮ್ಮ ದೇಶದ ಟೆರಿ ಸಂಸ್ಥೆ ಬೆಳೆಸಿದ ಆಯಿಲ್‌ಝ್ಯಾಪರ್ ಅನ್ನೋ ಬ್ಯಾಕ್ಟೀರಿಯಾ ಮಿಶ್ರಣ ಇಂಥದ್ದಕ್ಕೇ ಇರೋದು.

ಆಸಿಡ್: ಒಣ ಮರಳಿನ ಏರಿ ಕಟ್ಟಿ ಹರಡದಂತೆ ತಡೆದು, ಸುಣ್ಣ ಅಥವಾ ಸೋಡಾ ಹಾಕಿ ನಿಧಾನವಾಗಿ ತಟಸ್ಥ ಮಾಡಬೇಕು. ಸಲ್ಫ್ಯೂರಿಕ್ ಆಸಿಡ್ಡಿನ ಮೇಲೆ ಬಕೆಟ್ ನೀರು ಸುರಿದರೆ ಕುದ್ದು ಮೈಮೇಲೆ ಸಿಡಿಯತ್ತೆ.

5. ಹಳಿ ಮೊದಲಾ, ಮಣ್ಣು ಮೊದಲಾ?

2023ರ ಫೆಬ್ರವರಿ 3ರಂದು ಅಮೆರಿಕದ ಒಹಾಯೋ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್ ಅನ್ನೋ ಸಣ್ಣ ಊರಿನಲ್ಲಿ ಗೂಡ್ಸ್ ರೈಲಿನ 38 ವ್ಯಾಗನ್ ಹಳಿ ತಪ್ಪಿದವು. ಒಂದು ಚಕ್ರದ ಬೇರಿಂಗ್ ಅತಿಯಾಗಿ ಬಿಸಿಯಾಗಿದ್ದು ಕಾರಣ. ಪಿವಿಸಿ ಮಾಡೋಕೆ ಬಳಸೋ ವಿನೈಲ್ ಕ್ಲೋರೈಡ್ ಇದ್ದ 5 ಟ್ಯಾಂಕ್‌ಗಳು ಸಿಡಿಯಬಹುದು ಅಂತ ಹೆದರಿ ಫೆಬ್ರವರಿ 6ರಂದು ಬೇಕಂತಲೇ ತೂತು ಮಾಡಿ ಸುಟ್ಟರು. ಆ ಸುಡುವಿಕೆ ಬೇಕಾಗಿರಲಿಲ್ಲ ಅಂತ 2024ರಲ್ಲಿ ಅಲ್ಲಿನ ತನಿಖಾ ಮಂಡಳಿ ಹೇಳಿತು.

ನಮ್ಮ ಪಾಠಕ್ಕೆ ಬೇಕಾದ್ದು ಅದರ ಮುಂದಿನ ಕತೆ. ಅಪಘಾತ ಆಗಿ ಒಂದು ವಾರ ತುಂಬೋ ಮೊದಲೇ ಅಲ್ಲಿ ಹಳಿ ಜೋಡಿಸಿ ರೈಲು ಬಿಟ್ಟರು. ಆದರೆ ಹಳಿಯ ಕೆಳಗಿನ ಮಣ್ಣು ರಾಸಾಯನಿಕ ಕುಡಿದಿತ್ತು. ಊರಿನವರು ಬಿಡಲಿಲ್ಲ. ಕೊನೆಗೆ ಪರಿಸರ ಇಲಾಖೆಯ ಉಸ್ತುವಾರಿಯಲ್ಲಿ ಅದೇ ಹಳಿಗಳನ್ನು ಮತ್ತೆ ಒಂದೊಂದಾಗಿ ಕಿತ್ತು, ಕೆಳಗಿನ ಮಣ್ಣು ಅಗೆದು ಸಾಗಿಸಿ, ಪುನಃ ಹಾಕಬೇಕಾಯ್ತು. ಆ ಕೆಲಸಕ್ಕೆ ತಿಂಗಳುಗಳು ಹಿಡಿದವು. ಹಳಿ ಮೊದಲು ಅನ್ನೋ ಅವಸರದಲ್ಲಿ ಒಂದೇ ಕೆಲಸ ಎರಡು ಸಲ ಆಯ್ತು. ಮಧ್ಯದ ದಿನಗಳಲ್ಲಿ ಮಳೆ ನೀರಿನ ಜೊತೆ ಎಷ್ಟು ಕೆಳಗೆ ಇಳಿಯಿತು ಅನ್ನೋ ಆತಂಕ ಊರಿನವರ ಪಾಲಿಗೆ ಉಳೀತು.

6. ಒಂದೇ ಒಂದು ಟ್ಯಾಂಕ್, ಒಂದು ಇಡೀ ಹೊಳೆ

ಇನ್ನೂ ಹಳೇ ಉದಾಹರಣೆ, ಆದರೆ ನಮಗೆ ಇನ್ನೂ ಹತ್ತಿರದ್ದು. 1991ರ ಜುಲೈ 14ರ ರಾತ್ರಿ ಕ್ಯಾಲಿಫೋರ್ನಿಯಾದ ಡನ್ಸ್‌ಮ್ಯೂರ್ ಊರಿನ ಮೇಲ್ಗಡೆ, ಕಂಟಾರ ಲೂಪ್ ಅನ್ನೋ ಕಡಿದಾದ ತಿರುವಿನಲ್ಲಿ, ರೈಲು ಹಳಿ ತಪ್ಪಿ ಒಂದು ಟ್ಯಾಂಕ್ ವ್ಯಾಗನ್ ಸೇತುವೆಯಿಂದ ಸ್ಯಾಕ್ರಮೆಂಟೊ ನದಿಗೆ ಬಿತ್ತು. ಅದರಲ್ಲಿದ್ದದ್ದು ಮೆಟಮ್ ಸೋಡಿಯಂ ಅನ್ನೋ ಕಳೆನಾಶಕ. ಸುಮಾರು 72,000 ಲೀಟರ್ ನದಿ ಸೇರಿತು. ನೀರಿಗೆ ಬಿದ್ದ ಕೂಡಲೇ ಒಡೆದು ವಿಷಾನಿಲ ಆಯ್ತು. ಕೆಳಗಿನ ಶಾಸ್ತಾ ಜಲಾಶಯದವರೆಗೆ ಸುಮಾರು 60 ಕಿ.ಮೀ. ಉದ್ದಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮೀನು ಸತ್ತವು. ಹುಳ, ಸೀಗಡಿ, ದಡದ ಮರಗಳೂ ಹೋದವು. ವಿಷ ಜಲಾಶಯಕ್ಕೆ ಬರೋದು ಗೊತ್ತಿದ್ದರಿಂದ ಅಲ್ಲಿ ಪೈಪುಗಳಲ್ಲಿ ಗಾಳಿ ಊದಿ ಅನಿಲವನ್ನು ನೀರಿನಿಂದ ಹೊರಗೆ ಓಡಿಸಿದರು. ನದಿ ಚೇತರಿಸಿಕೊಳ್ಳೋಕೆ ವರ್ಷಗಳು ಬೇಕಾದವು.

ಇದು ಒಂದೇ ವ್ಯಾಗನ್. ನಮ್ಮಲ್ಲಿ ಪೆಟ್ರೋಲಿಯಂ ಸಾಗಿಸೋ ಬಿಟಿಪಿಎನ್ ಟ್ಯಾಂಕ್ ವ್ಯಾಗನ್ ಹಿಡಿಯೋದೂ ಹೆಚ್ಚು ಕಡಿಮೆ ಅಷ್ಟೇ, ಸುಮಾರು 70,000 ಲೀಟರ್.

7. ಕಪಿಲೆಯ ಲೆಕ್ಕ

ಈಗ ನಮ್ಮ ಊರಿಗೆ ಬರೋಣ. ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದಿದ್ದು 1891ರಲ್ಲಿ. ಕಪಿಲೆಯ ಮೇಲೆ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆಯ ಮೇಲೆ ಬಹಳ ವರ್ಷ ರಸ್ತೆಯೂ ರೈಲೂ ಎರಡೂ ಹೋಗ್ತಿದ್ದವು. ಬ್ರಾಡ್‌ಗೇಜ್ ಆದ ಮೇಲೆ ರೈಲಿಗೆ ಹೊಸ ಸೇತುವೆ ಬಂತು. ತಿ. ನರಸೀಪುರಕ್ಕೆ ರೈಲೇ ಇಲ್ಲ. ಹಾಗಾಗಿ ರೈಲಿನ ಅಪಘಾತಕ್ಕೂ ತಿ. ನರಸೀಪುರಕ್ಕೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ನದಿಯದು.

ನಮ್ಮ ಸೇತುವೆಯ ಹತ್ತಿರ ಒಂದು ಟ್ಯಾಂಕ್ ಡೀಸೆಲ್ ಚೆಲ್ಲಿತು ಅಂತ ಸುಮ್ಮನೆ ಊಹಿಸಿಕೊಳ್ಳೋಣ. ರೈಲಿನದೇ ಆಗಬೇಕಿಲ್ಲ. ಕೋಳಿಕ್ಕೋಡಿನಿಂದ ನಂಜನಗೂಡು, ಮೈಸೂರು, ತಿ. ನರಸೀಪುರ ಮುಟ್ಟಿ ಕೊಳ್ಳೇಗಾಲಕ್ಕೆ ಹೋಗೋ 766ನೇ ಹೆದ್ದಾರಿಯಲ್ಲಿ ಟ್ಯಾಂಕರ್ ಲಾರಿಗಳೂ ಓಡಾಡ್ತವೆ.

ಮೊದಲ ಲೆಕ್ಕ, ಎಷ್ಟು ಹೊತ್ತಿಗೆ ತಲುಪತ್ತೆ? ನಂಜನಗೂಡಿನಿಂದ ತಿ. ನರಸೀಪುರದ ಸಂಗಮಕ್ಕೆ ನೇರ ಗೆರೆ ಎಳೆದರೆ ಸುಮಾರು 25 ಕಿ.ಮೀ. ನದಿಯ ಅಂಕುಡೊಂಕು ಸೇರಿಸಿ 36 ಕಿ.ಮೀ. ಅಂತ ಇಟ್ಟುಕೊಳ್ಳಿ. ನೀರಿನ ವೇಗ ಸೆಕೆಂಡಿಗೆ 0.5 ಮೀಟರ್ ಆದರೆ 72,000 ಸೆಕೆಂಡ್, ಅಂದರೆ 20 ಗಂಟೆ. ಮಳೆಗಾಲದಲ್ಲಿ ವೇಗ 1 ಮೀಟರ್ ಆದರೆ ಬರೀ 10 ಗಂಟೆ. ಕ್ರೇನ್ ಬಂದು ಮೊದಲ ವ್ಯಾಗನ್ ಎತ್ತೋ ಹೊತ್ತಿಗೆ ಡೀಸೆಲ್ ಸುತ್ತೂರು ದಾಟಿ ಸಂಗಮದ ಹತ್ತಿರ ಇರಬಹುದು.

ಎರಡನೇ ಲೆಕ್ಕ, ಎಷ್ಟು ಬೆರೆಯತ್ತೆ? ನದಿಯಲ್ಲಿ ಸೆಕೆಂಡಿಗೆ 20 ಘನ ಮೀಟರ್, ಅಂದರೆ 20,000 ಲೀಟರ್ ನೀರು ಹೋಗ್ತಿದೆ ಅನ್ನಿ. 70,000 ಲೀಟರ್ ಡೀಸೆಲ್ ಒಂದು ಗಂಟೆಯಲ್ಲಿ ಸೋರಿದರೆ ಸೆಕೆಂಡಿಗೆ 19 ಲೀಟರ್ ಚಿಲ್ಲರೆ. ಸಾವಿರ ಪಾಲು ನೀರಿಗೆ ಹತ್ತಿರ ಹತ್ತಿರ ಒಂದು ಪಾಲು. ತೂಕದಲ್ಲಿ ಲೀಟರಿಗೆ ಸುಮಾರು 800 ಮಿಲಿಗ್ರಾಂ. ಕುಡಿಯೋ ನೀರಿನ ನಮ್ಮ ಐಎಸ್ 10500 ಮಾನದಂಡ ಖನಿಜ ಎಣ್ಣೆಗೆ ಇಟ್ಟಿರೋ ಮಿತಿ ಲೀಟರಿಗೆ 0.5 ಮಿಲಿಗ್ರಾಂ. 1600 ಪಟ್ಟು ಜಾಸ್ತಿ ಆಯ್ತು. ಡೀಸೆಲ್ ನಿಜವಾಗಿ ಹೀಗೆ ಪೂರ್ತಿ ಬೆರೆಯಲ್ಲ, ಬಹುಪಾಲು ಮೇಲೆ ತೇಲತ್ತೆ, ಸ್ವಲ್ಪ ಆವಿ ಆಗತ್ತೆ. ಆದರೂ ಸಾವಿರದಲ್ಲಿ ಒಂದು ಪಾಲು ಬೆರೆತರೂ ಮಿತಿ ದಾಟತ್ತೆ.

ಮೂರನೇ ಲೆಕ್ಕ, ತಡೆಯೋದು ಹೇಗೆ? ತೇಲೋ ಎಣ್ಣೆಯನ್ನು ತಡೆಯೋಕೆ ಬೂಮ್ ಅನ್ನೋ ತೇಲುವ ಬೇಲಿ ಹಾಕ್ತಾರೆ. ಆದರೆ ಬೂಮಿಗೆ ನೇರವಾಗಿ ಬಡಿಯೋ ನೀರಿನ ವೇಗ ಸೆಕೆಂಡಿಗೆ ಸುಮಾರು 0.35 ಮೀಟರ್ ದಾಟಿದರೆ ಎಣ್ಣೆ ಅಡಿಯಿಂದ ನುಸುಳತ್ತೆ. ಅದಕ್ಕೆ ಬೂಮನ್ನು ಹೊಳೆಗೆ ಅಡ್ಡ ಕಟ್ಟದೆ ಓರೆಯಾಗಿ ಕಟ್ಟಬೇಕು. ಹರಿವಿನ ದಿಕ್ಕಿಗೆ ಎಷ್ಟು ಕೋನ? ಸೈನ್ ಬೆಲೆ 0.35 ಭಾಗಿಸು ವೇಗ. ವೇಗ 0.5 ಇದ್ದರೆ 44 ಡಿಗ್ರಿ, 1 ಮೀಟರ್ ಇದ್ದರೆ ಬರೀ 20 ಡಿಗ್ರಿ. ಕೋನ ಕಡಿಮೆ ಆದಷ್ಟೂ ಬೂಮ್ ಉದ್ದ ಬೇಕು. 100 ಮೀಟರ್ ಅಗಲದ ನದಿಗೆ 44 ಡಿಗ್ರಿಯಲ್ಲಿ 144 ಮೀಟರ್ ಸಾಕು, 20 ಡಿಗ್ರಿಯಲ್ಲಿ 292 ಮೀಟರ್ ಬೇಕು. ಪಿಯುಸಿಯಲ್ಲಿ ಬೈದುಕೊಂಡು ಓದಿದ ಟ್ರಿಗ್ನಾಮೆಟ್ರಿ ಇಲ್ಲಿ ಕೆಲಸಕ್ಕೆ ಬಂತು.

ಈ ನೀರು ಯಾರದು ಅಂತಲೂ ನೋಡಿ. ದಡದ ಊರುಗಳ ಕುಡಿಯೋ ನೀರಿನ ಪಂಪು, ಗದ್ದೆಗಳ ಮೋಟಾರು, ಸುತ್ತೂರು ಜಾತ್ರೆಗೆ ಬರೋ ಜನ, 1989ರಿಂದ ಮೂರು ವರ್ಷಕ್ಕೊಮ್ಮೆ ತಿ. ನರಸೀಪುರದ ಕುಂಭಮೇಳದಲ್ಲಿ ಮುಳುಗು ಹಾಕೋ ಭಕ್ತರು. ಇನ್ನೂ ಮುಂದೆ ಹೋದರೆ ಶಿವನಸಮುದ್ರದ ಹತ್ತಿರ ಎತ್ತಿ ತೊರೆಕಾಡನಹಳ್ಳಿ ಮೂಲಕ ಬೆಂಗಳೂರಿನ ನಲ್ಲಿಗೆ ಹೋಗೋ ಕಾವೇರಿಯಲ್ಲಿ ಕಪಿಲೆಯ ಪಾಲೂ ಇದೆ.

8. ನಾವು ತಿಳಿದಿರಬೇಕಾದ್ದು

ಲೆಕ್ಕದಿಂದ ಒಂದು ವಿಷಯ ಸ್ಪಷ್ಟ ಆಗತ್ತೆ. ಕ್ರೇನಿಗಿಂತ ಮುಂಚೆ ಫೋನ್ ಹೋಗಬೇಕು. ಕೆಳಗಿನ ಊರುಗಳ ಪಂಪ್ ಆಪರೇಟರ್‌ಗೆ 10 ಗಂಟೆ ಮುಂಚೆ ವಿಷಯ ಗೊತ್ತಾದರೆ ಟ್ಯಾಂಕಿ ತುಂಬಿಸಿಕೊಂಡು ಪಂಪ್ ನಿಲ್ಲಿಸ್ತಾರೆ. ಗೊತ್ತಾಗದಿದ್ದರೆ ಎಣ್ಣೆ ನೀರನ್ನೇ ಟ್ಯಾಂಕಿಗೆ ಏರಿಸ್ತಾರೆ. ಒಂದು ಫೋನ್ ಕಾಲಿಗೆ ಖರ್ಚಿಲ್ಲ, ಆದರೆ ಯಾರಿಗೆ ಮಾಡಬೇಕು ಅನ್ನೋ ಪಟ್ಟಿ ಮೊದಲೇ ಇರಬೇಕು.

ಅಂಥ ಜಾಗದಲ್ಲಿ ನಾವೇ ಇದ್ದರೆ:
ಗಾಳಿ ಬೀಸೋ ಕಡೆಗೆ ಎದುರಾಗಿ, ಎತ್ತರದ ಕಡೆಗೆ ದೂರ ಹೋಗಬೇಕು. ಕ್ಲೋರಿನ್, ಎಲ್‌ಪಿಜಿ ಎರಡೂ ಗಾಳಿಗಿಂತ ಭಾರ, ಹಳ್ಳದಲ್ಲಿ ನಿಲ್ಲತ್ತೆ.
ದೂರದಿಂದಲೇ ಯು.ಎನ್. ನಂಬರ್ ಕಂಡರೆ 112ಕ್ಕೆ ಅಥವಾ ರೈಲ್ವೆಯ 139ಕ್ಕೆ ಅದನ್ನೇ ಹೇಳಬೇಕು.
ಸೋರುತ್ತಿರೋ ಪೆಟ್ರೋಲ್, ಡೀಸೆಲ್ ತುಂಬಿಕೊಳ್ಳೋಕೆ ಕ್ಯಾನ್ ಹಿಡಿದು ಯಾರೂ ಹೋಗದ ಹಾಗೆ ತಡೀಬೇಕು. ಒಂದು ಕಿಡಿ ಸಾಕು.
ಪಕ್ಕದಲ್ಲಿ ಹಳ್ಳ, ಚರಂಡಿ ಯಾವ ಕಡೆ ಹರಿಯತ್ತೆ ಅಂತ ಊರಿನವರಿಗೆ ಮಾತ್ರ ಚೆನ್ನಾಗಿ ಗೊತ್ತಿರತ್ತೆ. ಅಧಿಕಾರಿಗಳು ಬಂದ ಕೂಡಲೇ ಅದನ್ನು ತೋರಿಸಬೇಕು.

ಅಭ್ಯಾಸಕ್ಕೆ

ಒಂದು: ರಜೆಯಲ್ಲಿ ಊರಿಗೆ ಹೋದವರು ಸೇತುವೆಯ ಮೇಲಿಂದ ಒಂದು ಕಿತ್ತಳೆ ಹಣ್ಣು ನೀರಿಗೆ ಹಾಕಿ, ಅಳತೆ ಮಾಡಿಕೊಂಡ ದೂರ ದಾಟೋಕೆ ಎಷ್ಟು ಸೆಕೆಂಡ್ ಬೇಕು ನೋಡಿ. ಮೇಲ್ಮೈ ವೇಗ ಸಿಗತ್ತೆ. ನಾವು ಊಹಿಸಿದ 0.5 ಮೀಟರ್ ಬದಲು ಅದನ್ನು ಹಾಕಿ ಲೆಕ್ಕ ಮತ್ತೆ ಮಾಡಿ. ನೀರಿಗೆ ಇಳಿಯಬೇಡಿ.

ಎರಡು: ನಿಮ್ಮ ಊರಿಗೆ ಕುಡಿಯೋ ನೀರು ನದಿಯ ಯಾವ ಜಾಗದಿಂದ ಬರತ್ತೆ, ಅದರ ಮೇಲ್ಗಡೆ ಎಷ್ಟು ಸೇತುವೆ ಇವೆ ಅಂತ ಮ್ಯಾಪಿನಲ್ಲಿ ಗುರುತು ಮಾಡಿ.

ಮೂರು: ಆ ಪಂಪ್‌ಹೌಸಿನ ಫೋನ್ ನಂಬರ್ ಪಂಚಾಯ್ತಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮೂರು ಲೆಕ್ಕಗಳಿಗಿಂತ ಈ ಒಂದು ನಂಬರ್ ಹೆಚ್ಚು ಕೆಲಸಕ್ಕೆ ಬರತ್ತೆ.